ಹೆರಿಗೆಗೆ ಹೊರಟ ಬ್ಯಾಗು

ನಮ್ಮ ಕಡೆ ಮದುವೆ ಅಂದರೆ ಎರಡು ತಿಂಗಳು ಮೊದಲೇ ನೋಟ್‌ಬುಕ್ಕಿನಲ್ಲಿ ಪಟ್ಟಿ ಶುರುವಾಗುತ್ತದೆ. ಬೆಲ್ಲ ಎಷ್ಟು, ಎಲೆ ಎಷ್ಟು, ಬಾಡಿಗೆ ಪಾತ್ರೆ ಯಾರ ಹತ್ತಿರ, ಎಲ್ಲ ಬರೆದಿಡುತ್ತೇವೆ. ಸೀಮಂತಕ್ಕೂ ಅಷ್ಟೇ. ಹೆರಿಗೆಗೆ ಮಾತ್ರ ಯಾರ ಮನೆಯಲ್ಲೂ ಪಟ್ಟಿ ಇದ್ದದ್ದನ್ನು ನಾನು ನೋಡಿಲ್ಲ. ನೋವು ಶುರುವಾದ ಮೇಲೆ ಒಬ್ಬರು ಟ್ರಂಕು ತೆಗೆಯುತ್ತಾರೆ, ಇನ್ನೊಬ್ಬರು ದುಡ್ಡು ಹುಡುಕುತ್ತಾರೆ, ಮತ್ತೊಬ್ಬರು 108ಕ್ಕೆ ಫೋನ್ ಮಾಡಿ ಊರಿನ ದಾರಿ ಹೇಳುತ್ತಿರುತ್ತಾರೆ. ಹೆರುವವಳು ಗೋಡೆ ಹಿಡಿದು ನಿಂತಿರುತ್ತಾಳೆ.

ಕಳೆದ ವರ್ಷ ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಏಳು ತಿಂಗಳಿಗೆ ಸೀಮಂತ ಮುಗಿಸಿ, ಕೈತುಂಬ ಹಸಿರು ಬಳೆ ತೊಟ್ಟು ಬಂದಿದ್ದಳು. ನಮ್ಮದು ಬಯಲುಸೀಮೆಯ ಒಳಊರು, ಟಾರು ರಸ್ತೆಗೆ ಬರಬೇಕೆಂದರೆ ಮೂರು ಕಿಲೋಮೀಟರ್. ರಾತ್ರಿ ಎಂಟರ ಮೇಲೆ ಬಸ್ಸಿಲ್ಲ. ಎಂಟನೇ ತಿಂಗಳಲ್ಲೇ ಒಂದು ಬ್ಯಾಗು ರೆಡಿ ಮಾಡಿಡೋಣ ಅಂದೆ. ಅಮ್ಮ ಕೈಲಿದ್ದ ಮೊರ ಕೆಳಗಿಟ್ಟು, "ಹುಟ್ಟೋಕೆ ಮುಂಚೆ ಅದೆಲ್ಲ ಯಾಕೆ? ಸುಮ್ನಿರು ನೀನು" ಅಂದಳು.

ಹುಟ್ಟುವ ಮೊದಲು ಮಗುವಿಗೆ ಬಟ್ಟೆ ತರಬಾರದು, ತೊಟ್ಟಿಲು ಕಟ್ಟಬಾರದು ಅನ್ನುವುದು ನಿಮ್ಮ ಮನೆಯಲ್ಲೂ ಇರಬಹುದು. ಮೂಢನಂಬಿಕೆ ಅಂತ ಒಂದೇ ಮಾತಿಗೆ ಮುಗಿಸುವುದು ಸುಲಭ. ಆದರೆ ಅಜ್ಜಿ ನನಗೊಂದು ವಿಷಯ ಹೇಳಿದ್ದಳು. ಅಕ್ಕನಿಗೂ ನನಗೂ ನಡುವೆ ಒಂದು ಗಂಡುಮಗು ಇತ್ತು. ದಿನ ತುಂಬಿಯೇ ಹುಟ್ಟಿತ್ತು, ಅಳಲಿಲ್ಲ. ಅದಕ್ಕೆಂದು ಅಮ್ಮ ತಾನೇ ಕೂತು ನಾಲ್ಕು ಪುಟ್ಟ ಅಂಗಿ, ಒಂದು ಕುಲಾವಿ ಹೊಲಿದಿದ್ದಳಂತೆ. ಆಸ್ಪತ್ರೆಯಿಂದ ಬಂದಾಗ ಬಟ್ಟೆ ಗಂಟು ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಅಮ್ಮ ಇವತ್ತಿಗೂ ಈ ಮಾತು ನಮ್ಮ ಹತ್ತಿರ ಎತ್ತಿಲ್ಲ. ಹಾಗಾಗಿ ನಾನು ಅವಳ ಹತ್ತಿರ ವಾದಕ್ಕೆ ಇಳಿಯಲಿಲ್ಲ.

ದಾರಿ ತೋರಿಸಿದ್ದು ನಮ್ಮ ಊರಿನ ಆಶಾ ಕಾರ್ಯಕರ್ತೆ. ಅಕ್ಕನ ತೂಕ ಕೇಳಿಕೊಂಡು ಹೋಗಲು ಬಂದವರು ಅಮ್ಮನ ಮುಖ ನೋಡಿ, "ಹೊಸ ಬಟ್ಟೆ ಯಾರಕ್ಕಾ ಕೇಳಿದ್ರು? ನಂಗೆ ಹಳೇ ಸೀರೇನೇ ಬೇಕು. ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿ ಹರಿದಿಡಿ. ಒರೆಸೋ ಬಟ್ಟೆ ಅಂತ ಅಂದುಕೊಳ್ಳಿ" ಅಂದರು. ಒರೆಸೋ ಬಟ್ಟೆಗೆ ಯಾವ ದೃಷ್ಟಿ? ಮಾರನೇ ದಿನ ಅಮ್ಮನೇ ಅಜ್ಜಿಯ ಎರಡು ಹತ್ತಿ ಸೀರೆ, ಅಪ್ಪನ ಒಂದು ಹಳೇ ಪಂಚೆ ಬಿಸಿನೀರಲ್ಲಿ ಒಗೆದು, ಕಣದ ಬೇಲಿ ಮೇಲೆ ಇಡೀ ದಿನ ಒಣಗಿಸಿ, ಹರಿದು ಮಡಚಿಟ್ಟಳು. ನಿಜ ಹೇಳಬೇಕೆಂದರೆ ಕೂಸಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಅಂಗಡಿಯಲ್ಲೂ ಸಿಗುವುದಿಲ್ಲ. ಮೆತ್ತಗಿರುತ್ತದೆ, ಒದ್ದೆ ಹೀರುತ್ತದೆ, ಹೊಸ ಬಟ್ಟೆಯ ಗಂಜಿ ಇರುವುದಿಲ್ಲ.

ಬಟ್ಟೆಗಿಂತ ಹೆಚ್ಚು ತಲೆ ತಿಂದದ್ದು ಕಾಗದ. ಹೆಣ್ಣುಮಗಳು ಗಂಡನ ಮನೆಯಿಂದ ತವರಿಗೆ ಬರುವಾಗ ಸೀರೆ ಬರುತ್ತದೆ, ಒಡವೆ ಬರುತ್ತದೆ, ಕಾಗದ ಅಲ್ಲೇ ಉಳಿಯುತ್ತದೆ. ಅಕ್ಕನ ತಾಯಿ ಕಾರ್ಡ್ ಅವಳ ಹತ್ತಿರವೇ ಇತ್ತು, ಆದರೆ ಸ್ಕ್ಯಾನಿಂಗ್ ರಿಪೋರ್ಟು, ರಕ್ತ ಪರೀಕ್ಷೆಯ ಚೀಟಿಗಳು ಅವಳ ಅತ್ತೆಮನೆಯ ಬೀರುವಿನ ಮೇಲೆ. ಭಾವ ಅವನ್ನೆಲ್ಲ ಒಂದು ಕವರಿಗೆ ಹಾಕಿ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದರು. ಅದರ ಜೊತೆ ಗಂಡ ಹೆಂಡತಿ ಇಬ್ಬರ ಆಧಾರ್ ಜೆರಾಕ್ಸ್, ಬಿಪಿಎಲ್ ಕಾರ್ಡಿನ ಜೆರಾಕ್ಸ್, ಅಕ್ಕನ ಹೆಸರಲ್ಲೇ ಇರುವ ಬ್ಯಾಂಕ್ ಪಾಸ್‌ಬುಕ್ ಸೇರಿಸಿ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿದೆವು. ಪಾಸ್‌ಬುಕ್ ಯಾಕೆಂದರೆ, ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮಂಥ ಹಳ್ಳಿಯ ಬಿಪಿಎಲ್ ಹೆಂಗಸಿಗೆ ಆಸ್ಪತ್ರೆ ಹೆರಿಗೆಯಾದರೆ ಬರುವ 700 ರೂಪಾಯಿ ಅವಳ ಖಾತೆಗೇ ಬೀಳುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಹೆರಿಗೆಗೆ ಮುಂಚೆಯೇ ಸರಿ ಮಾಡಿಸಿ. ಬಾಣಂತಿ ಬ್ಯಾಂಕಿನ ಸಾಲಲ್ಲಿ ನಿಲ್ಲೋಕಾಗಲ್ಲ.

ಬ್ಯಾಗು ಅಂತ ಹೊಸದೇನೂ ತರಲಿಲ್ಲ, ನಾನು ಹಾಸ್ಟೆಲಿಗೆ ಒಯ್ಯುತ್ತಿದ್ದ ಬ್ಯಾಗೇ. ಅದರೊಳಗೆ ಎರಡು ಬಟ್ಟೆ ಚೀಲ ಬೇರೆ ಬೇರೆ ಇಟ್ಟೆವು. ಇದೊಂದು ಮಾತು ದಯವಿಟ್ಟು ನೆನಪಿಡಿ. ಹೆರಿಗೆ ಕೋಣೆಯ ಬಾಗಿಲಿಗೆ ನರ್ಸ್ ಬಂದು "ಮಗೂಗೆ ಬಟ್ಟೆ ಕೊಡ್ರೀ" ಅಂದಾಗ ಹೊರಗಿರುವವರ ಕೈಕಾಲು ಆಡುವುದಿಲ್ಲ. ಇಡೀ ಬ್ಯಾಗು ನೆಲಕ್ಕೆ ಸುರಿಯುತ್ತಾರೆ. ಸಣ್ಣ ಚೀಲದಲ್ಲಿ ಒಳಗೆ ಬೇಕಾದದ್ದು ಮಾತ್ರ: ಮಗುವನ್ನು ಒರೆಸಲು ಒಂದು, ಸುತ್ತಲು ಎರಡು ಬಟ್ಟೆ, ಒಂದು ಟೋಪಿ, ಅಕ್ಕನಿಗೆ ಮುಂದೆ ಗುಂಡಿಯಿರುವ ಒಂದು ನೈಟಿ, ಲಂಗ, ಪ್ಯಾಡು. ಟೋಪಿಯನ್ನು ಅಜ್ಜಿಯೇ ಹಳೇ ಬನಿಯನ್ನಿನಿಂದ ಹೊಲಿದಳು. ಹುಟ್ಟಿದ ಕೂಸಿನ ಮೈಶಾಖ ಬೇಗ ಆರುತ್ತದೆ, ಅದರಲ್ಲೂ ತಲೆಯಿಂದ. ಅದಕ್ಕೇ ಬೇಸಿಗೆಯಲ್ಲೂ ಟೋಪಿ ಕೇಳುತ್ತಾರೆ, ಮೊದಲ ದಿನವೇ ಸ್ನಾನ ಬೇಡ ಅನ್ನುತ್ತಾರೆ. ಉಳಿದ ನೈಟಿ, ಟವೆಲ್, ಸೋಪು, ಫ್ಲಾಸ್ಕು, ಲೋಟ, ತಟ್ಟೆ ಎಲ್ಲ ದೊಡ್ಡ ಚೀಲಕ್ಕೆ.

ಹೆರುವವಳ ಜೊತೆ ಇರುವವಳ ಸಾಮಾನು ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಅಮ್ಮನಿಗೆ ಶುಗರ್ ಇದೆ. ಅವಳ ಮಾತ್ರೆ, ಒಂದು ಚಾಪೆ, ಹೊದಿಕೆ, ಅವಳಿಗೊಂದು ಸೀರೆ, ಹುರಿಗಡಲೆ ಡಬ್ಬ, ಉದ್ದ ವೈರಿನ ಚಾರ್ಜರ್ ನಾನೇ ತುರುಕಿದೆ. "ನಾನೇನು ಹೆರೋಕೆ ಹೋಗ್ತಾ ಇದೀನಾ?" ಅಂತ ಅಮ್ಮ ನಕ್ಕಳು. ಏಳು ರಾತ್ರಿ ಅವಳು ಮಲಗಿದ್ದು ಅದೇ ಚಾಪೆ ಮೇಲೆ, ಅಕ್ಕನ ಮಂಚದ ಪಕ್ಕದ ನೆಲದಲ್ಲಿ.

ಏಳು ರಾತ್ರಿ ಆಗುತ್ತದೆ ಅಂತ ನಾವ್ಯಾರೂ ಎಣಿಸಿರಲಿಲ್ಲ. ಸಂಜೆ ಕೆಲಸ ಮಾಡಿಕೊಂಡು ಕೂತಿದ್ದ ಅಕ್ಕನಿಗೆ ನೀರು ಹೋಯಿತು. ನೋವು ಇನ್ನೂ ಬಂದಿರಲಿಲ್ಲ. ನೋವು ಬರಲಿ ಅಂತ ಕಾಯಬೇಡಿ ಎಂದು ಆಶಾ ಮೊದಲೇ ಹೇಳಿದ್ದರು. ನೀರು ಹೋದರೆ, ರಕ್ತ ಕಂಡರೆ, ಮಗು ಆಡುವುದು ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ತಕ್ಷಣ ಹೊರಡಬೇಕು. 108 ಬರುವಷ್ಟರಲ್ಲಿ ನಾವು ಮಾಡಬೇಕಾದದ್ದು ಒಂದೇ, ಬ್ಯಾಗು ಎತ್ತಿಕೊಳ್ಳುವುದು. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದರು. ರಾತ್ರಿ ಹನ್ನೊಂದಕ್ಕೆ, ಬಿಪಿ ಏರಿದೆ, ಜಿಲ್ಲಾಸ್ಪತ್ರೆಗೆ ಹೋಗಬೇಕು ಅಂದರು. ಮತ್ತೆ ಆಂಬುಲೆನ್ಸು. ದಾರಿಯುದ್ದಕ್ಕೂ ಅಮ್ಮ ಮಾತಾಡಲಿಲ್ಲ, ಅಕ್ಕನ ಪಾದ ಮಡಿಲಲ್ಲಿ ಇಟ್ಟುಕೊಂಡು ಉಜ್ಜುತ್ತಲೇ ಇದ್ದಳು.

ಅಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಮೊದಲು ಕೇಳಿದ್ದು ತಾಯಿ ಕಾರ್ಡ್. ತಿಂಗಳು ತಿಂಗಳಿನ ಬಿಪಿ, ರಕ್ತದ ಪ್ರಮಾಣ, ತೂಕ ಎಲ್ಲ ಬೆರಳಿಟ್ಟು ಓದಿದರು, ಸ್ಕ್ಯಾನಿಂಗ್ ನೋಡಿದರು. ಬ್ಲಡ್ ಗ್ರೂಪ್ ಅದರಲ್ಲೇ ಇತ್ತು. ನೋವಲ್ಲಿದ್ದ ಅಕ್ಕನನ್ನು ಎರಡೇ ಪ್ರಶ್ನೆ ಕೇಳಿ ಒಳಗೆ ಕರೆದುಕೊಂಡರು. ಪಕ್ಕದಲ್ಲಿ ಇನ್ನೊಂದು ಕುಟುಂಬ ಬಂದಿತ್ತು. ಅವರ ಕಾರ್ಡು ಊರಲ್ಲೇ ಉಳಿದಿತ್ತು. ಹಾಗಂತ ಚಿಕಿತ್ಸೆ ನಿಲ್ಲಿಸಲಿಲ್ಲ, ಎಲ್ಲ ಪರೀಕ್ಷೆ ಮೊದಲಿಂದ ಮಾಡಿಸಿದರು. ಆ ಹುಡುಗಿ ಅಷ್ಟು ಹೊತ್ತು ಬೆಂಚಿನ ಮೇಲೆ ಕೂತು ಸಹಿಸಿಕೊಳ್ಳುತ್ತಿದ್ದಳು.

ಬೆಳಗಿನ ಜಾವ ನಾಲ್ಕಕ್ಕೆ ಸಿಜೇರಿಯನ್. ಒಳಗೆ ಕರೆದೊಯ್ಯುವ ಮುಂಚೆ ಓಲೆ, ತಾಳಿ, ಬಳೆ ಎಲ್ಲ ತೆಗೆಸಿದರು. ಸೀಮಂತದ ಬಳೆ ಕೈಯಿಂದ ಇಳಿಯಲಿಲ್ಲ, ಒಡೆದರು. ಅಮ್ಮ ಮುಖ ಆಚೆ ತಿರುಗಿಸಿದಳು. ಒಂಬತ್ತು ತಿಂಗಳು ಬಿದ್ದ ಕೂಡಲೇ ಮನೆಯಲ್ಲೇ ಸೋಪು ಹಚ್ಚಿ ಬಳೆ ಇಳಿಸಿಕೊಂಡು, ಚಿನ್ನ ಬೀರುವಿನಲ್ಲಿಟ್ಟು ಬಂದರೆ ಒಳ್ಳೆಯದು.

ಹೆಣ್ಣುಮಗು, 2.6 ಕೆಜಿ. ಹೊರಗೆ ಎತ್ತಿಕೊಂಡು ಬಂದಾಕೆ ಮಗುವಿನ ಮುಖ ತೋರಿಸುವ ಮೊದಲೇ ರೇಟು ಹೇಳಿದಳು. ಗಂಡಾದರೆ ಐನೂರು, ಹೆಣ್ಣಲ್ವಾ, ಇನ್ನೂರು ಕೊಡಿ. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಊಟ, ವಾಪಸ್ ಮನೆಗೆ ಬಿಡುವ ಗಾಡಿ ಎಲ್ಲ ಉಚಿತ. ನಾನು ಅದನ್ನೇ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅಮ್ಮ ಸೆರಗಿನ ಗಂಟು ಬಿಚ್ಚಿ, "ನಮ್ಮ ಮಗು ಏನು ಕಡಿಮೆ? ತಗೋ ಐನೂರು" ಅಂತ ಕೈಗಿಟ್ಟೇಬಿಟ್ಟಳು. ಒಂದು ಪೈಸೆಯೂ ಕೊಡಬಾರದಿತ್ತು ಅನ್ನುವುದು ಇವತ್ತಿಗೂ ನನ್ನ ವಾದ. ಅಮ್ಮ ಒಪ್ಪುವುದಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಈಗಲೂ ರಾಜಿಯಾಗಿಲ್ಲ.

ಬ್ಯಾಗಿನಿಂದ ವಾಪಸ್ ಬಂದದ್ದು ಒಂದೇ ಸಾಮಾನು, ಅಜ್ಜಿ ನಮಗೆ ಗೊತ್ತಿಲ್ಲದಂತೆ ಇಟ್ಟಿದ್ದ ಜೇನುತುಪ್ಪದ ಶೀಶೆ. ವರ್ಷ ತುಂಬುವವರೆಗೆ ಮಗುವಿಗೆ ಜೇನು ನೆಕ್ಕಿಸಬಾರದು ಅಂತ ನರ್ಸ್ ಎತ್ತಿಟ್ಟರು. ಹಾಲಿನ ಪುಡಿ, ಬಾಟಲಿ, ಕಾಡಿಗೆ ಇವೂ ಬೇಡ. ತಾಯಿಯ ಮೊದಲ ಹಳದಿ ಹಾಲು ಹಿಂಡಿ ಚೆಲ್ಲುವ ಪದ್ಧತಿ ನಮ್ಮ ಅಜ್ಜಿಯ ಕಾಲದಲ್ಲಿತ್ತು. ಅದನ್ನೇ ಕುಡಿಸಿ ಅಂತ ನರ್ಸ್ ಪಕ್ಕದಲ್ಲೇ ಕೂತು ಹೇಳಿಕೊಟ್ಟರು. ಮೊದಲ ದಿನವೇ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಲಸಿಕೆಯೂ ಆಯಿತು. ಜನನ ನೋಂದಣಿಗೆ 21 ದಿನ ಅವಕಾಶವಿದೆ, ಆದರೆ ಆಸ್ಪತ್ರೆಯಲ್ಲಿ ಬರೆಸುವಾಗಲೇ ತಂದೆ ತಾಯಿ ಹೆಸರಿನ ಅಕ್ಷರ ಆಧಾರ್ ಜೊತೆ ಇಟ್ಟು ನೋಡಿ. ಭಾವನ ಹೆಸರಲ್ಲಿ ಒಂದು ದೀರ್ಘ ಬಿಟ್ಟು ಬರೆದಿದ್ದರು, ಅಲ್ಲೇ ತಿದ್ದಿಸಿದೆವು.

ಹೊಸ ಅಂಗಿ ಕೊನೆಗೂ ಬಂತು. ಮನೆಗೆ ಬಂದ ಮಾರನೇ ದಿನ ಅಮ್ಮ ಟ್ರಂಕಿನ ತಳದಿಂದ ನಾಲ್ಕು ಪುಟ್ಟ ಅಂಗಿ ತೆಗೆದು, ಏನೂ ಹೇಳದೆ ಒಗೆದು ಹಗ್ಗದ ಮೇಲೆ ಹಾಕಿದಳು. ಮಡಿಕೆಯ ಗೆರೆಯಲ್ಲಿ ಬಟ್ಟೆ ಹಳದಿಯಾಗಿತ್ತು. ನಾವೂ ಏನೂ ಕೇಳಲಿಲ್ಲ.

ಬ್ಯಾಗು ಈಗ ಎದುರು ಮನೆಯಲ್ಲಿದೆ. ಅವರ ಸೊಸೆಗೆ ಎಂಟು ತಿಂಗಳು. ಫ್ಲಾಸ್ಕಿನ ಮುಚ್ಚಳ ಸ್ವಲ್ಪ ಸಡಿಲ, ಅಡ್ಡ ಮಲಗಿಸಬೇಡಿ ಅಂತ ಅಮ್ಮನೇ ಹೋಗಿ ಹೇಳಿ, ಕೊಟ್ಟು ಬಂದಿದ್ದಾಳೆ.