ಅಲ್ಪವಲ್ಲದ ಅಲ್ಪವಿರಾಮ

ಹೆಸರೇ ಅಲ್ಪವಿರಾಮವಾದ ಮೇಲೆ ಜನರು ಅದನ್ನು ಅಲ್ಪವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲಿಷ್ ಬರೆಯುವ ವಿದ್ಯಾರ್ಥಿ ಪೂರ್ಣವಿರಾಮವನ್ನು ಮರೆಯುವುದಿಲ್ಲ. ಅಲ್ಪವಿರಾಮವನ್ನು ಮಾತ್ರ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಮನಬಂದಲ್ಲಿ ಉದುರಿಸುತ್ತಾನೆ. ಉಸಿರು ನಿಲ್ಲುವಲ್ಲಿ ಅದನ್ನಿಡಬೇಕೆಂಬ ಹಳೆಯ ಮಾತೊಂದುಂಟು. ಅದನ್ನೇ ನಂಬಿದರೆ ದಮ್ಮು ಹೆಚ್ಚಿರುವವನಿಗೆ ಅಲ್ಪವಿರಾಮವೇ ಬೇಕಾಗದು! ಇಂಗ್ಲಿಷಿನ 'ಕಾಮಾ' ಎಂಬ ಹೆಸರು ಗ್ರೀಕ್ ಭಾಷೆಯಿಂದ ಬಂದದ್ದು. ಕತ್ತರಿಸಿದ ತುಂಡು ಎಂದು ಅದರ ಮೂಲಾರ್ಥ. ಎಲ್ಲಿ ಕತ್ತರಿಸಬೇಕೆಂಬುದನ್ನು ನಿರ್ಣಯಿಸುವುದು ಅರ್ಥವೇ ಹೊರತು ಉಸಿರಲ್ಲ.

ಅಮೆರಿಕದ ಈಶಾನ್ಯದಲ್ಲಿರುವ ಮೇನ್ ರಾಜ್ಯದ ಹಾಲಿನ ಸಂಸ್ಥೆಯೊಂದರ ಲಾರಿ ಚಾಲಕರಿಗೆ ಈ ನಿರ್ಣಯ ಅನ್ನದ ಪ್ರಶ್ನೆಯಾಯಿತು. ವಾರಕ್ಕೆ 40 ಗಂಟೆ ಮೀರಿ ದುಡಿದವರಿಗೆ ಆ ಹೆಚ್ಚಿನ ವೇಳೆಗೆ ಒಂದೂವರೆ ಪಟ್ಟು ಸಂಬಳ ಸಲ್ಲಬೇಕೆಂಬುದು ಅಲ್ಲಿಯ ಕಾನೂನು. ಬೇಗ ಕೆಡುವ ಆಹಾರಕ್ಕೆ ಸಂಬಂಧಿಸಿದ ಕೆಲವು ಕೆಲಸಗಳಿಗೆ ಮಾತ್ರ ಅದು ಅನ್ವಯಿಸದು. ಡಬ್ಬಿಗಳಲ್ಲಿ ತುಂಬುವುದು, ಒಣಗಿಸುವುದು, ದಾಸ್ತಾನು ಮಾಡುವುದು ಎಂದು ಸಾಗುವ ಆ ಕೆಲಸಗಳ ಪಟ್ಟಿಯು "ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್" ಎಂದು ಮುಗಿಯುತ್ತಿತ್ತು. 'ಆರ್' ಎಂಬ ಪದದ ಹಿಂದೆ ಅಲ್ಪವಿರಾಮವಿರಲಿಲ್ಲ.

ವಿತರಣೆಯು ಪಟ್ಟಿಯಲ್ಲಿನ ಪ್ರತ್ಯೇಕ ಕೆಲಸ, ಚಾಲಕರು ಹಾಲನ್ನು ವಿತರಿಸುವವರು, ಆದುದರಿಂದ ಅವರಿಗೆ ಹೆಚ್ಚಿನ ಸಂಬಳವಿಲ್ಲ ಎಂದಿತು ಸಂಸ್ಥೆ. ಅಲ್ಲಿ ಹೇಳಿರುವುದು ಸಾಗಣೆಗಾಗಲಿ ವಿತರಣೆಗಾಗಲಿ ಸರಕನ್ನು ಕಟ್ಟುವ ಒಂದೇ ಕೆಲಸ, ತಾವು ಕಟ್ಟುವವರಲ್ಲ ಎಂದರು ಚಾಲಕರು. ಮೊದಲ ನ್ಯಾಯಾಲಯ ಸಂಸ್ಥೆಯ ಮಾತನ್ನು ಒಪ್ಪಿತು. 2017ರ ಮಾರ್ಚ್ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವು ಆ ವಾಕ್ಯಕ್ಕೆ ಎರಡು ಅರ್ಥಗಳೂ ಸಾಧ್ಯವೆಂದು ಕಂಡು, ಇಂಥ ಸಂದೇಹದಲ್ಲಿ ಕಾನೂನನ್ನು ದುಡಿಯುವವರ ಪರವಾಗಿ ಓದಬೇಕೆಂದು ತೀರ್ಪಿತ್ತಿತು. 2018ರಲ್ಲಿ 50 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಇದನ್ನು ಬರೆದವರು ಅಜಾಗರೂಕರೆಂದು ಹಳಿಯುವಂತೆಯೂ ಇಲ್ಲ; ಪಟ್ಟಿಯ ಕೊನೆಯ ಪದಕ್ಕೆ ಮೊದಲು ಅಲ್ಪವಿರಾಮ ಬೇಡವೆಂದು ಆ ರಾಜ್ಯದ ಕಾನೂನು ರಚನೆಯ ಕೈಪಿಡಿಯೇ ಹೇಳುತ್ತಿತ್ತು. ಶಾಸಕರು ಮುಂದೆ ಆ ವಾಕ್ಯವನ್ನು ತಿದ್ದಿ, ಪ್ರತಿಯೊಂದು ಕೆಲಸದ ನಡುವೆಯೂ ಅರ್ಧವಿರಾಮವನ್ನೇ ಇರಿಸಿದರು. ಅಲ್ಪವಿರಾಮದ ಮೇಲಿನ ಭರವಸೆ ಅಷ್ಟರಮಟ್ಟಿಗೆ ಹೋಗಿತ್ತೆಂದು ಕಾಣುತ್ತದೆ.

ಕನ್ನಡದಲ್ಲಿ ಈ ವ್ಯಾಜ್ಯ ಹುಟ್ಟುತ್ತಿರಲಿಲ್ಲ. 'ಸಾಗಣೆಗೋ ವಿತರಣೆಗೋ ಕಟ್ಟುವುದು' ಎಂದರೆ ಒಂದು ಕೆಲಸ. 'ಸಾಗಣೆಗೆ ಕಟ್ಟುವುದು ಅಥವಾ ವಿತರಿಸುವುದು' ಎಂದರೆ ಎರಡು. ಪದದ ಕೊನೆಯ ಪ್ರತ್ಯಯವೇ ಇಲ್ಲಿ ಕಾವಲುಗಾರ. ಕನ್ನಡದ ಮಕ್ಕಳಿಗೆ ಇಂಗ್ಲಿಷಿನ ಅಲ್ಪವಿರಾಮ ತೊಡಕೆನಿಸುವುದು ಬಹುಶಃ ಇದರಿಂದಲೇ: ತಮ್ಮ ನುಡಿಯಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಹಲವು ವೇಳೆ ಒಂದು ಸಣ್ಣ ಗೆರೆ ಮಾಡಬೇಕಾಗುತ್ತದೆ.

ಹಾಗೆಂದು ಎಲ್ಲ ಜಾಣತನವೂ ಪ್ರತ್ಯಯದ್ದೇ ಅಲ್ಲ. "ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು ಈಸ್ ಎ ಡಾಕ್ಟರ್" ಎಂಬ ವಾಕ್ಯವು ಹಲವು ಸೋದರರಲ್ಲಿ ಮೈಸೂರಿನವನನ್ನು ಆರಿಸಿ ತೋರಿಸುತ್ತದೆ. 'ಬ್ರದರ್' ಆದ ಮೇಲೊಂದು, 'ಮೈಸೂರು' ಆದ ಮೇಲೊಂದು ಅಲ್ಪವಿರಾಮವನ್ನಿಟ್ಟರೆ ಇರುವವನು ಒಬ್ಬನೇ ಸೋದರನಾಗುತ್ತಾನೆ. ಮೈಸೂರು ಅವನ ವಿಳಾಸ ಮಾತ್ರ. ಎರಡು ಪುಟ್ಟ ಗೆರೆಗಳು ಮನೆಯ ಮಕ್ಕಳ ಲೆಕ್ಕವನ್ನೇ ಬದಲಿಸಿಬಿಡುತ್ತವೆ. 'ಮೈಸೂರಿನಲ್ಲಿರುವ ನನ್ನ ಅಣ್ಣ ವೈದ್ಯ' ಎಂಬ ಕನ್ನಡ ವಾಕ್ಯ ಈ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಬೇರೆ ಅಣ್ಣಂದಿರಿದ್ದಾರೆಯೇ ಎಂದು ಕೇಳುಗನು ಬಾಯಿಬಿಟ್ಟೇ ವಿಚಾರಿಸಬೇಕು.