ಅಮ್ಮನ ಪಾಲಿನ ಸಕ್ಕರೆ

ನಾವು ಪೆನ್ಸಿಲ್ವೇನಿಯಾಕ್ಕೆ ಬಂದ ಹೊಸತರಲ್ಲಿ ನೆರೆಮನೆಯಲ್ಲಿದ್ದ ಹಿರಿಯರು ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವರು. ದೀಪಾವಳಿಯಂದು ನನ್ನ ಪತ್ನಿ ಕೊಟ್ಟ ಮೈಸೂರುಪಾಕಿನ ತುಂಡನ್ನು ಅಂಗೈಯಲ್ಲಿ ತೂಗಿ ನೋಡಿ ನಕ್ಕರು. ಸೈನಿಕರ ಆಪತ್ಕಾಲದ ಆಹಾರಕ್ಕೆಂದು 1937ರಲ್ಲಿ ಹರ್ಷೀ ಕಂಪೆನಿ ರೂಪಿಸಿದ ಚಾಕೊಲೇಟ್ ನೆನಪಾಯಿತಂತೆ: 4 ಔನ್ಸ್ ತೂಕ, 600 ಕ್ಯಾಲೊರಿ. ರುಚಿ ಮಾತ್ರ ಬೇಯಿಸಿದ ಆಲೂಗೆಡ್ಡೆಗಿಂತ ತುಸು ಮೇಲಿದ್ದರೆ ಸಾಕೆಂಬುದು ಸೇನೆಯ ಅಪೇಕ್ಷೆ. ಸೊಗಸಾಗಿದ್ದರೆ ಹುಡುಗರು ಆಪತ್ತಿಗೆ ಮೊದಲೇ ತಿಂದು ಮುಗಿಸುವರಲ್ಲ!

1942ರ ಮೇ ತಿಂಗಳಿನಿಂದ ಇಲ್ಲಿನ ಮನೆಗಳಲ್ಲಿ ಸಕ್ಕರೆಗೆ ಪಡಿತರ. ತಲೆಗೆ ವಾರಕ್ಕೆ ಅರ್ಧ ಪೌಂಡ್.

"ಅಮ್ಮ ತನ್ನ ಪಾಲಿನದನ್ನು ಉಳಿಸಿ ಮಿಠಾಯಿ ಮಾಡಿ ಕಳುಹಿಸುತ್ತಿದ್ದಳು. ನನ್ನ ಜೇಬಿನಲ್ಲಿ ಚಾಕೊಲೇಟ್ ಇದೆಯೆಂದು ನಾನು ಬರೆಯಲೇ ಇಲ್ಲ" ಎಂದರು.

ಕೊಬ್ಬರಿ ಮಿಠಾಯಿ ಕಳುಹಿಸುವೆನೆಂದಿದ್ದ ನನ್ನ ತಾಯಿಗೆ, ಇಲ್ಲಿ ಎಲ್ಲವೂ ಸಿಗುತ್ತದೆ, ಬೇಡವೆಂದು ನಾನು ಕಾಗದ ಬರೆದು ಆಗ ಒಂದು ವಾರವಾಗಿತ್ತು.