ತಂಗಿಯ ಅರ್ಜಿ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇದರಿಂದ ಅನುಕೂಲಕ್ಕಿಂತ ತೊಡಕೇ ಹೆಚ್ಚು. ರೇಷನ್ ಕಾರ್ಡಿನಿಂದ ಕಾಲುನೋವಿನ ಮಾತ್ರೆಯವರೆಗೆ ಎಲ್ಲಕ್ಕೂ ತೀರ್ಪು ನನ್ನದೇ. ಪಿ.ಯು.ಸಿ. ಮುಗಿಸಿದ ತಂಗಿ, ತಾನು ಗಣಿ ಇಂಜಿನಿಯರಿಂಗ್ ಓದುವೆನೆಂದು ಅರ್ಜಿ ಹಿಡಿದು ನಿಂತಾಗ ಅಪ್ಪ ನನ್ನ ಕಡೆ ತಿರುಗಿದರು. "ನೀನು ಓದಿದವ. ಏನು ಮಾಡೋಣ, ಹೇಳಪಾ."

ಐಚ್ಛಿಕ ಕನ್ನಡದವನು ಏನು ಹೇಳಿಯಾನು? ಆದರೂ ಗಣಿ ನಮಗೆ ಹೊಸದಲ್ಲ. ಅಪ್ಪ ಸಂಡೂರಿನ ಅದಿರಿನ ಗಣಿಯೊಂದರಲ್ಲಿ ಟಿಪ್ಪರ್ ಓಡಿಸುತ್ತಿದ್ದರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ನಾನಿನ್ನೂ ಒಂದನೆಯ ತರಗತಿ. ಅವ್ವ ಒಗೆದ ಬಿಳಿ ಬಟ್ಟೆ ಬಿಳಿಯಾಗಿಯೇ ಒಣಗಿದುದನ್ನು ಮೊದಲ ಸಲ ಕಂಡದ್ದು ಆಗ. ಜೋಳದ ಹಿಟ್ಟಿನ ಡಬ್ಬಿ ತಳ ಕಂಡದ್ದೂ ಆಗಲೇ. ಕೋರ್ಟು ಮಾಡಿದುದು ತಪ್ಪೆಂದು ನಾನು ಹೇಳಲಾರೆ. ಗುಡ್ಡಗಳು ಕರಗಿದುದನ್ನು ಕಂಡವರು ನಾವು. 2013ರಲ್ಲಿ ಕೆಲವು ಗಣಿಗಳಿಗೆ ಅನುಮತಿ ಸಿಕ್ಕಿತು, ಅಪ್ಪನ ಗಣಿಗೆ ಸಿಗಲಿಲ್ಲ. ಅಲ್ಲಿದ್ದ ಇಂಜಿನಿಯರು ಪೆಟ್ಟಿಗೆ ಕಟ್ಟಿಕೊಂಡು ಒಡಿಶಾಕ್ಕೆ ಹೋದರು. ಅಪ್ಪ ಹಮಾಲಿಗೆ ಹೋದರು.

ಈ ಒಂದೇ ಸಂಗತಿಯನ್ನು ಮನೆಯಲ್ಲಿ ಇಬ್ಬರು ಎರಡು ಬಗೆಯಾಗಿ ಓದುತ್ತಾರೆ. ಪದವಿ ಇದ್ದವನಿಗೆ ಇನ್ನೊಂದು ಗಣಿ ಸಿಕ್ಕಿತಲ್ಲ ಎಂಬುದು ಅಪ್ಪನ ವಾದ. ಓದಿದವನೂ ಊರು ಬಿಡಬೇಕಾಯಿತಲ್ಲ ಎಂಬುದು ಅವ್ವನದು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಕಥೆಯನ್ನು ಹೇಳಿ ನಾನು ಅವ್ವನ ಕೈಯನ್ನೇ ಬಲಪಡಿಸಿದೆ. ಹೇಳಬಾರದಿತ್ತು.

ತಂಗಿ ಮಾತ್ರ ಲೆಕ್ಕ ಸಿದ್ಧಮಾಡಿಕೊಂಡೇ ಕುಳಿತಿದ್ದಳು. ಕೋಲ್ ಇಂಡಿಯಾ 2024ರಲ್ಲಿ 640 ಟ್ರೈನಿ ಹುದ್ದೆಗಳನ್ನು ಕರೆದಾಗ 263 ಗಣಿ ಶಾಖೆಯವೇ. ಆಯ್ಕೆ ಗೇಟ್ ಪರೀಕ್ಷೆಯ ಅಂಕದಿಂದ. ಮೂಲ ವೇತನ ತಿಂಗಳಿಗೆ 50,000 ರೂಪಾಯಿ. ಅಪ್ಪ ಆ ಅಂಕಿಯನ್ನು ಇನ್ನೊಮ್ಮೆ ಓದಿಸಿದರು. ಪದವಿಯೊಂದೇ ಸಾಲದು, ಕೆಳಗಿಳಿದು ದುಡಿದು, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆ ಗೆದ್ದು, ಪ್ರಥಮ ದರ್ಜೆ ಮ್ಯಾನೇಜರ್ ಪ್ರಮಾಣಪತ್ರ ಪಡೆಯದೆ ದೊಡ್ಡ ಗಣಿಯ ಹೊಣೆ ಸಿಗದೆಂಬುದನ್ನೂ ಅವಳೇ ಒಪ್ಪಿಕೊಂಡಳು.

"ಹೆಣ್ಣುಮಗಳನ್ನು ಗಣಿಯೊಳಗೆ ಬಿಡ್ತಾರೇನು?" ಎಂದಳು ಅವ್ವ. ಕೇಳಬೇಕಾದ ಮಾತೇ. 1952ರ ಗಣಿ ಕಾಯಿದೆ ಹೆಂಗಸರನ್ನು ಸುರಂಗದ ಕೆಲಸಕ್ಕೆ ಬಿಡುತ್ತಿರಲಿಲ್ಲ. ಕೆಲವು ನಿಬಂಧನೆಗಳೊಡನೆ ಆ ಬಾಗಿಲು ತೆರೆದದ್ದು 2019ರಲ್ಲಿ. 2021ರಲ್ಲಿ ಆಕಾಂಕ್ಷಾ ಕುಮಾರಿ ಎಂಬವರು ಜಾರ್ಖಂಡಿನ ನೆಲದಡಿಯ ಕಲ್ಲಿದ್ದಲ ಗಣಿಯೊಂದರಲ್ಲಿ ಇಂಜಿನಿಯರಾಗಿ ಸೇರಿದರು. ತಂಗಿ ಅವರ ಚಿತ್ರವನ್ನು ತೋರಿಸಿದಳು. ಅವ್ವ ಬಹಳ ಹೊತ್ತು ನೋಡಿ, "ಟೊಪ್ಪಿಗಿ ಭಾರ ಇರಬೇಕು" ಎಂದಳು. ಅದು ಒಪ್ಪಿಗೆಯೋ ಅಲ್ಲವೋ ನನಗೆ ಇಂದಿಗೂ ತಿಳಿಯದು.

ಅರ್ಜಿ ತುಂಬಲು ನಾನೇ ಕುಳಿತೆ. ತಂದೆಯ ಉದ್ಯೋಗ ಎಂಬಲ್ಲಿಗೆ ಬಂದು ತಡೆದೆ. ಹಮಾಲಿ ಎಂದು ಬರೆಯಲೇ ಎಂದು ಕೇಳಿದೆ.

ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಮಡಿಸಿದರು. "ಗಣಿ ಡ್ರೈವರ್ ಅಂತ ಬರಿ" ಎಂದರು.